ದಾರ ಗಂಟಿನ ಬಾಯಲ್ಲೇ ಏಕೆ ಕಡಿಯುತ್ತದೆ?

ಒಂದು ಮಾರು ಹೊಲಿಗೆ ದಾರದ ನಡುವೆ ಒಂದೇ ಒಂದು ಗಂಟು ಹಾಕಿ, ಎರಡೂ ತುದಿ ಹಿಡಿದು ಜೋರಾಗಿ ಜಗ್ಗಿದರೆ ಅದು ಎಲ್ಲಿ ಕಡಿಯುತ್ತದೆ? ಯಾರನ್ನು ಕೇಳಿದರೂ ಉತ್ತರ ಒಂದೇ: ಗಂಟಿನ ಹತ್ತಿರ. ಹೂ ಕಟ್ಟುವವರಿಗೂ ಗಾಳಿಪಟ ಹಾರಿಸುವ ಮಕ್ಕಳಿಗೂ ಇದು ಗೊತ್ತು. ಆದರೆ ಇದರಲ್ಲೊಂದು ಒಗಟಿದೆ. ಗಂಟಿರುವ ಕಡೆ ದಾರ ಹೆಚ್ಚೇ ಇದೆ, ಒಂದೆಳೆಯ ಜಾಗದಲ್ಲಿ ಎರಡು ಮೂರು ಎಳೆ ಸೇರಿಕೊಂಡಿವೆ. ಅಲ್ಲಿ ಚಾಕುವಿಲ್ಲ, ಚೂಪಾದ ಅಂಚಿಲ್ಲ. ಹಾಗಿದ್ದೂ ಉದ್ದಕ್ಕೆ ಬೆತ್ತಲೆಯಾಗಿ ಬಿದ್ದಿರುವ ಒಂಟಿ ಎಳೆ ಉಳಿದುಕೊಂಡು, ದಪ್ಪವಾದ ಜಾಗವೇ ಸೋಲುತ್ತದೆ.

ಹತ್ತಿರದಿಂದ ನೋಡಿದರೆ ಒಗಟು ಇನ್ನಷ್ಟು ಬಿಗಿಯಾಗುತ್ತದೆ. ದಾರ ಕಡಿಯುವುದು ಗಂಟಿನ ಹೊಟ್ಟೆಯೊಳಗಲ್ಲ, ಅದರ ಬಾಯಲ್ಲಿ. ನೇರವಾಗಿ ಬಂದ ದಾರ ಗಂಟಿನೊಳಗೆ ನುಗ್ಗುವ ಆ ಮೊದಲ ತಿರುವಿನಲ್ಲಿ. ಪೋಲೆಂಡ್ ಮತ್ತು ಸ್ವಿಟ್ಜರ್ಲೆಂಡಿನ ಕೆಲವು ವಿಜ್ಞಾನಿಗಳು ಮೀನಿನ ಗಾಳದ ದಾರಕ್ಕೂ ಬೇಯಿಸಿದ ಸ್ಪಗೆಟ್ಟಿ ಶಾವಿಗೆಗೂ ಗಂಟು ಹಾಕಿ, ಎಳೆದು, ಕಡಿಯುವ ಜಾಗವನ್ನು ಗುರುತಿಸಿ 2001ರಲ್ಲಿ ಪ್ರಕಟಿಸಿದರು. ನೈಲಾನ್ ಆದರೂ ಶಾವಿಗೆಯಾದರೂ ತುಂಡಾದದ್ದು ಗಂಟಿನ ಬಾಯಲ್ಲೇ. ಆ ತಂಡದಲ್ಲಿದ್ದ ಜಾಕ್ ದುಬೊಷೆ ಅವರಿಗೆ ಮುಂದೆ 2017ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅದು ಬೇರೆ ಕೆಲಸಕ್ಕೆ ಬಂದದ್ದು. ಆದರೂ ಅಂಥವರು ಶಾವಿಗೆಯ ಗಂಟನ್ನು ಗಂಭೀರವಾಗಿ ತೆಗೆದುಕೊಂಡರು ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ.

ಈ ಒಗಟು ಹೊಟ್ಟೆಪಾಡಿನ ಪ್ರಶ್ನೆಯಾಗಿರುವ ಜಾಗವೊಂದಿದೆ. ಅಲ್ಲಿಗೆ ಹೋಗೋಣ.

ಅಲಾಸ್ಕದ ಎಳೆಗಾಳ

ಅಮೆರಿಕದ ಅಲಾಸ್ಕ ರಾಜ್ಯದ ಆಗ್ನೇಯ ಅಂಚಿನಲ್ಲಿ, ಸಿಟ್ಕಾದಂಥ ಊರುಗಳ ಸುತ್ತ, ಸಾಲ್ಮನ್ ಮೀನನ್ನು ಗಾಳ ಎಳೆಯುತ್ತ ಹಿಡಿಯುವ ದೋಣಿಗಳಿವೆ. ಈ ಕಸುಬಿನ ಹೆಸರು ಟ್ರೋಲಿಂಗ್. ಮಲ್ಪೆ, ಮಂಗಳೂರಿನಿಂದ ಹೊರಡುವ ಟ್ರಾಲ್ ಬೋಟುಗಳು ಎಳೆಯುವುದು ಬಲೆಯನ್ನು. ಇಲ್ಲಿ ಬಲೆಯೇ ಇಲ್ಲ. ದೋಣಿಯ ಎರಡೂ ಬದಿಗೆ ಉದ್ದನೆಯ ಕಂಬಗಳು ಚಾಚಿಕೊಳ್ಳುತ್ತವೆ, ಅವುಗಳಿಂದ ಉಕ್ಕಿನ ತಂತಿಗಳು ನೀರಿಗಿಳಿಯುತ್ತವೆ. ಪ್ರತಿ ತಂತಿಯ ಕೊನೆಗೆ 20 ಕಿಲೋ ಆಸುಪಾಸಿನ ಸೀಸದ ಗುಂಡು. ತಂತಿಯ ಉದ್ದಕ್ಕೂ ಅಂತರ ಬಿಟ್ಟು ಕೊಕ್ಕೆಯಿಂದ ಸಿಕ್ಕಿಸಿದ ನೈಲಾನ್ ದಾರಗಳು. ಇವೇ ಲೀಡರ್‌ಗಳು. ಕೆಲವು ಮಾರು ಉದ್ದದ ಪ್ರತಿ ಲೀಡರಿನ ತುದಿಗೆ ಗಾಳ, ಗಾಳದ ಮೇಲೆ ಬೊಂಡಾಸಿನ ಆಕಾರದ ಪ್ಲಾಸ್ಟಿಕ್ ಎರೆಯೋ ಲೋಹದ ಚಮಚವೋ. ದೋಣಿ ನಡಿಗೆಯ ವೇಗದಲ್ಲಿ ಸಾಗುತ್ತಿರುತ್ತದೆ. ಮೀನು ಕಚ್ಚಿದಾಗ ಗರ್ಡಿ ಎಂಬ ಯಂತ್ರರಾಟೆ ತಂತಿಯನ್ನು ಮೇಲೆತ್ತುತ್ತದೆ. ಕೊನೆಯ ಕೆಲವು ಮಾರು ಮಾತ್ರ ಮನುಷ್ಯನ ಕೈಗೆ ಬಿಟ್ಟದ್ದು. ಲೀಡರ್ ಹಿಡಿದು ಜಗ್ಗಿ, ಮೀನನ್ನು ಒಂದೊಂದಾಗಿ ದೋಣಿಗೆ ಎಳೆದುಕೊಳ್ಳಬೇಕು.

ಇಲ್ಲಿನ ದೊರೆ ಚಿನೂಕ್ ಸಾಲ್ಮನ್. ಅಲ್ಲಿಯವರು ಕಿಂಗ್ ಎಂದೇ ಕರೆಯುತ್ತಾರೆ. 1949ರಲ್ಲಿ ಅಲಾಸ್ಕದ ಪೀಟರ್ಸ್‌ಬರ್ಗ್ ಬಳಿ ಮೀನಿನ ಬೋನಿಗೆ ಬಿದ್ದ ಒಂದು ಚಿನೂಕ್ 126 ಪೌಂಡ್, ಅಂದರೆ 57 ಕಿಲೋ ತೂಗಿತ್ತು. ದಿನನಿತ್ಯ ಸಿಗುವ ಮೀನು ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗಾದರೆ ಲೀಡರಿಗೆ ನೂರು ಪೌಂಡಿನ ಆಸುಪಾಸು ಭಾರ ತಾಳುವ ದಪ್ಪ ದಾರ ಏಕೆ? ಮೀನಿನ ತೂಕವಷ್ಟೇ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಒಂದು ಕಾರಣ. ದೋಣಿಯ ಅಂಚಿನಲ್ಲಿ ಅದು ತಿರುಗಿ ಬಿದ್ದು ಕೊಡುವ ಜಗ್ಗು ಅದರ ತೂಕವನ್ನು ಮೀರುತ್ತದೆ. ಹಲ್ಲು ದಾರವನ್ನು ಕೆರೆಯುತ್ತದೆ. ತೆಳು ದಾರ ಹಿಡಿದು ಎಳೆದರೆ ಬೆರಳು ಸೀಳುತ್ತದೆ, ಜೊತೆಗೆ ಅದು ಬೇಗ ಸಿಕ್ಕುಗಟ್ಟುತ್ತದೆ. ಎರೆಯ ಮುಂದೆ ಫ್ಲಾಷರ್ ಎಂಬ ಹೊಳೆಯುವ ಹಲಗೆ ಕಟ್ಟಿದ್ದರೆ, ಅದು ಗಿರಕಿ ಹೊಡೆಯುವಾಗಿನ ಎಳೆದಾಟ ಎರೆಗೆ ಮುಟ್ಟುವುದೂ ದಾರ ಬಿರುಸಾಗಿದ್ದಾಗಲೇ.

ಲೀಡರ್ ಕಡಿದರೆ ಹೋಗುವುದು ಒಂದು ಮೀನಿನ ಬೆಲೆಯಷ್ಟೇ ಅಲ್ಲ. ಅಮೆರಿಕ ಮತ್ತು ಕೆನಡಾ 1985ರಲ್ಲಿ ಮಾಡಿಕೊಂಡ ಪೆಸಿಫಿಕ್ ಸಾಲ್ಮನ್ ಒಪ್ಪಂದದಡಿ ಚಿನೂಕ್ ಹಿಡಿತಕ್ಕೆ ಮಿತಿಯಿದೆ. ಆಗ್ನೇಯ ಅಲಾಸ್ಕದ ಟ್ರೋಲಿಂಗ್‌ನಲ್ಲಿ 28 ಇಂಚಿಗಿಂತ ಚಿಕ್ಕ ಚಿನೂಕನ್ನು ನೀರಿಗೆ ಮರಳಿಸಬೇಕು. ಇಷ್ಟೆಲ್ಲ ಎಣಿಕೆಯಿಂದ ಕಾಪಾಡುತ್ತಿರುವ ಮೀನೊಂದು ಬಾಯಲ್ಲಿ ಗಾಳ ಚುಚ್ಚಿಕೊಂಡು, ಬಾಲದಂತೆ ದಾರ ಎಳೆದುಕೊಂಡು ಕತ್ತಲ ನೀರಿಗೆ ಮರಳಿದರೆ ಅದು ಹಿಡಿದ ಮೀನಿನ ಲೆಕ್ಕಕ್ಕೆ ಸಿಗುವುದಿಲ್ಲ. ಆದ್ದರಿಂದಲೇ ಲೀಡರಿನ ತುದಿಯನ್ನು ಹೇಗೆ ಕಟ್ಟಬೇಕೆಂಬುದು ಅಲ್ಲಿ ಸಣ್ಣ ಮಾತಲ್ಲ. ಹೆಚ್ಚಿನವರು ದಪ್ಪ ಲೀಡರಿಗೆ ಗಂಟು ಹಾಕುವುದಿಲ್ಲ. ದಾರವನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ಹಿಂದಕ್ಕೆ ಮಡಚಿ, ಎರಡೂ ಎಳೆಗಳನ್ನು ಮೆತು ಲೋಹದ ಪುಟ್ಟ ಕೊಳವೆಯೊಳಗೆ ಹಾಯಿಸಿ, ಇಕ್ಕುಳದಿಂದ ಕೊಳವೆಯನ್ನು ಅದುಮಿಬಿಡುತ್ತಾರೆ. ಇದನ್ನು ಅದುಮುಕಟ್ಟು ಎನ್ನೋಣ. ಅಂಗಡಿಯಲ್ಲಿ ಕೇಳುವ ಹೆಸರು ಕ್ರಿಂಪ್.

ದಾರದೊಳಗಿನ ಎಳೆಗಳು

ಗಂಟಿಗೂ ಅದುಮುಕಟ್ಟಿಗೂ ಇರುವ ವ್ಯತ್ಯಾಸ ತಿಳಿಯಲು ದಾರದೊಳಕ್ಕೆ ಒಮ್ಮೆ ಇಣುಕಬೇಕು. ನೈಲಾನ್ ಹುಟ್ಟಿದ್ದು 1935ರಲ್ಲಿ, ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ, ವಾಲೇಸ್ ಕರೋದರ್ಸ್ ತಂಡದ ಕೈಯಲ್ಲಿ. ಅದರ ಅಣುಗಳು ಉದ್ದನೆಯ ಸರಪಳಿಗಳು. ಕರಗಿದ ನೈಲಾನನ್ನು ಸಣ್ಣ ತೂತಿನಿಂದ ಹೊರಡಿಸಿ ಸುಮ್ಮನೆ ಆರಲು ಬಿಟ್ಟರೆ ಸರಪಳಿಗಳು ಅಡ್ಡಾದಿಡ್ಡಿ ಸುತ್ತಿಕೊಂಡಿರುತ್ತವೆ, ಎಳೆಯೂ ದುರ್ಬಲ. ಅದನ್ನೇ ಹಿಡಿದು ಹಲವು ಪಟ್ಟು ಉದ್ದಕ್ಕೆ ಎಳೆದರೆ ಸರಪಳಿಗಳು ದಾರದ ಉದ್ದಕ್ಕೆ ಒಂದೇ ದಿಕ್ಕಿಗೆ ಮಲಗುತ್ತವೆ. ನಮ್ಮ ಕರಾವಳಿಯಲ್ಲಿ ತಂಗೂಸಿ ಎನ್ನುವ ದಾರದ ಬಲವೆಲ್ಲ ಹೀಗೆ ಬಂದದ್ದು.

ಅದರ ದೌರ್ಬಲ್ಯವೂ ಅಲ್ಲಿಂದಲೇ ಬಂದದ್ದು. ಉದ್ದಕ್ಕೆ ಎಳೆದರೆ ಲೆಕ್ಕವಿಲ್ಲದಷ್ಟು ಸರಪಳಿಗಳು ಭಾರ ಹಂಚಿಕೊಳ್ಳುತ್ತವೆ. ಅಡ್ಡಕ್ಕೆ ಹಿಸುಕಿದರೆ, ಚೂಪಾಗಿ ಬಗ್ಗಿಸಿದರೆ, ಅಕ್ಕಪಕ್ಕದ ಸರಪಳಿಗಳನ್ನು ಹಿಡಿದಿಡುವ ಬಂಧ ಅಷ್ಟು ಗಟ್ಟಿಯಲ್ಲ. ದಾರದ ಡಬ್ಬಿಯ ಮೇಲೆ ಅಚ್ಚಾದ ಪೌಂಡುಗಳು ಹೇಳುವುದು ನೇರ ದಾರದ ತಾಳಿಕೆಯನ್ನು ಮಾತ್ರ. ಮೂರೂ ಬಗೆಯ ಒತ್ತಡ ಒಂದೇ ಜಾಗದಲ್ಲಿ ಕೂಡಿದರೆ ಆ ಸಂಖ್ಯೆಗೆ ಅರ್ಥವಿಲ್ಲ.

ಗಂಟಿನ ಬಾಯಲ್ಲಿ ಕೂಡುವುದು ಈ ಮೂರೂ.

ಬಾಯಲ್ಲೇ ಭಾರ

ಗಂಟು ಬಿಚ್ಚದೆ ನಿಲ್ಲುವುದು ಉಜ್ಜುವಿಕೆಯಿಂದ. ಇದು ಎಲ್ಲರಿಗೂ ಅಂದಾಜಿದೆ. ಆದರೆ ಆ ಉಜ್ಜುವಿಕೆ ಗಂಟಿನ ಉದ್ದಕ್ಕೂ ಸಮನಾಗಿ ಹಂಚಿಕೊಂಡಿಲ್ಲ. ಮನೆಯ ಪಕ್ಕದ ಮರದ ದೊಡ್ಡ ಕೊಂಬೆ ಕಡಿಯುವವರನ್ನು ನೋಡಿದ್ದೀರಲ್ಲ. ಕೊಂಬೆಗೆ ಹಗ್ಗ ಕಟ್ಟಿ, ಆ ಹಗ್ಗವನ್ನು ಪಕ್ಕದ ಕಾಂಡಕ್ಕೆ ಎರಡು ಮೂರು ಸುತ್ತು ಸುತ್ತಿ, ತುದಿಯನ್ನು ಒಬ್ಬನೇ ಹಿಡಿದು, ತನಗಿಂತ ಭಾರದ ಕೊಂಬೆಯನ್ನು ಮೆಲ್ಲಗೆ ಇಳಿಸುತ್ತಾನೆ. ಕೊಂಬೆ 100 ಕಿಲೋ ಇದೆ, ಒಂದೊಂದು ಸುತ್ತೂ ಎಳೆತವನ್ನು ಐದರಲ್ಲೊಂದು ಪಾಲಿಗೆ ಇಳಿಸುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಸುತ್ತು ಮುಗಿಯುವಾಗ ಹಗ್ಗದಲ್ಲಿ ಉಳಿದದ್ದು 20 ಕಿಲೋ, ಎರಡನೆಯದು ಮುಗಿಯುವಾಗ 4, ಮೂರನೆಯದು ಮುಗಿದು ಕೈಗೆ ಬರುವಾಗ ಒಂದು ಕಿಲೋಗೂ ಕಡಿಮೆ. ಹದಿನೆಂಟನೆಯ ಶತಮಾನದಲ್ಲೇ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಇದರ ಲೆಕ್ಕ ಹಾಕಿಟ್ಟಿದ್ದಾರೆ.

ಹಗ್ಗ ಹಿಡಿದವನಿಗೆ ಕೊನೆಯ ಆ ಒಂದು ಕಿಲೋ ಮುಖ್ಯ. ನಮಗೆ ಮುಖ್ಯವಾದದ್ದು ಹಗ್ಗದ ಇನ್ನೊಂದು ಕಡೆ. 100 ಕಿಲೋದಲ್ಲಿ 80ನ್ನು ಹೊತ್ತದ್ದು ಮೊದಲ ಸುತ್ತು. ಉಳಿದ ಎರಡು ಸುತ್ತುಗಳಿಗೆ ಸಿಕ್ಕಿದ್ದು ಪುಡಿಗಾಸು. ಸುತ್ತಿನ ಉಜ್ಜುವಿಕೆ ಗುಣಾಕಾರದ ಹಾದಿಯಲ್ಲಿ ನಡೆಯುತ್ತದೆ, ಹಾಗಾಗಿ ಭಾರವೆಲ್ಲ ಬಾಗಿಲಲ್ಲೇ ಇಳಿದುಬಿಡುತ್ತದೆ. ಗಂಟಿನಲ್ಲೂ ಅಷ್ಟೇ. ಏಳು ಸುತ್ತಿನ ಗಂಟು ಹಾಕಿದರೂ ಏಳೂ ಸುತ್ತು ಸಮನಾಗಿ ದುಡಿಯುವುದಿಲ್ಲ.

ಕಾಂಡಕ್ಕೂ ಗಂಟಿಗೂ ಒಂದು ವ್ಯತ್ಯಾಸವಿದೆ, ಅದು ದಾರಕ್ಕೆ ಮಾರಕ. ಕಾಂಡ ದಪ್ಪಗಿದೆ, ಹಗ್ಗ ಅದರ ಮೇಲೆ ಅಗಲವಾಗಿ ಬಾಗುತ್ತದೆ. ಗಂಟಿನಲ್ಲಿ ದಾರ ಸುತ್ತಿಕೊಳ್ಳುವುದು ತನ್ನಷ್ಟೇ ದಪ್ಪದ ತನ್ನದೇ ಇನ್ನೊಂದು ಎಳೆಗೆ. ಅಷ್ಟು ಚೂಪಾದ ತಿರುವಿನಲ್ಲಿ ದಾರದ ಹೊರಮೈ ತನ್ನ ನಡುವಿಗಿಂತ ಅರ್ಧದಷ್ಟು ಹೆಚ್ಚು ಉದ್ದವಾಗಬೇಕಾಗುತ್ತದೆ. ಗಾಳದ ನೈಲಾನ್ ಕಡಿಯುವ ಮುನ್ನ ಹಿಗ್ಗುವುದೇ ಸುಮಾರು ಕಾಲುಭಾಗ. ದಾರ ಚಪ್ಪಟೆಯಾಗಿ, ಒಳಗೊಳಗೆ ಜರುಗಿ ಹೇಗೋ ಸುಧಾರಿಸಿಕೊಳ್ಳುತ್ತದೆ. ಆದರೂ ಹೊರಮೈಯ ಸರಪಳಿಗಳು ಆಗಲೇ ಸೆಟೆದು ನಿಂತಿರುತ್ತವೆ, ಒಳಮೈಯವು ಸುಕ್ಕಾಗಿ ಕೆಲಸವಿಲ್ಲದೆ ಕೂತಿರುತ್ತವೆ, ಮೇಲಿನಿಂದ ಇನ್ನೊಂದು ಎಳೆ ಹಿಸುಕುತ್ತಿರುತ್ತದೆ. ಸರಿಯಾಗಿ ಅದೇ ಜಾಗಕ್ಕೆ, ಇನ್ನೂ ಒಂದಿಷ್ಟೂ ಇಳಿಯದ ಪೂರ್ತಿ ಎಳೆತ ಬಂದು ಬೀಳುತ್ತದೆ. ಸಾದಾ ಒಂಟಿ ಗಂಟು ನೈಲಾನ್ ದಾರದ ತಾಳಿಕೆಯನ್ನು ಅರ್ಧದ ಹತ್ತಿರಕ್ಕೆ ಇಳಿಸಬಲ್ಲದು. ಬೆಸ್ತರು ತಲೆಮಾರುಗಳಿಂದ ತಿದ್ದಿಕೊಂಡು ಬಂದ ಒಳ್ಳೆಯ ಗಂಟುಗಳು ಇದಕ್ಕಿಂತ ಬಹಳ ಮೇಲು. ಮೊದಲ ತಿರುವಿಗೆ ಮುನ್ನವೇ ಒಂದಿಷ್ಟು ಭಾರ ಇಳಿಸುವಂತೆ, ತಿರುವು ಅಗಲವಾಗುವಂತೆ ಅವುಗಳ ಸುತ್ತುಗಳನ್ನು ಜೋಡಿಸಿರುತ್ತಾರೆ.

ಗಂಟಿನೊಳಗಿನ ಈ ಒತ್ತಡ ಈಗ ಕಣ್ಣಿಗೇ ಕಾಣುತ್ತದೆ. ಅಮೆರಿಕದ ಎಂಐಟಿಯ ಸಂಶೋಧಕರು ಹಿಗ್ಗಿದಾಗ ಬಣ್ಣ ಬದಲಿಸುವ ಎಳೆಗಳಿಗೆ ಗಂಟು ಹಾಕಿ, ಒತ್ತಡ ಎಲ್ಲೆಲ್ಲಿ ಕೂಡುತ್ತದೆಂದು ಬಣ್ಣದಲ್ಲೇ ಓದಿ, 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಯಾವ ಗಂಟು ಭದ್ರ, ಯಾವುದು ಜಾರುತ್ತದೆ ಎಂದು ಕಟ್ಟುವ ಮುನ್ನವೇ ಹೇಳುವ ಲೆಕ್ಕವನ್ನೂ ಅವರು ಕೊಟ್ಟಿದ್ದಾರೆ.

ದಾರ ದಪ್ಪವಾಯಿತು, ಕೈ ದಪ್ಪವಾಗಲಿಲ್ಲ

ದಪ್ಪ ದಾರ ಬಿರುಸು, ಅದಕ್ಕೇ ಅದರಲ್ಲಿ ಗಂಟು ಹೆಚ್ಚು ದುರ್ಬಲ ಎಂದು ಹಲವರು ಹೇಳುತ್ತಾರೆ. ಅರ್ಧ ನಿಜ. ದಾರದ ದಪ್ಪ ಎರಡು ಪಟ್ಟಾದರೆ ಅದರ ಬಿರುಸು ಹದಿನಾರು ಪಟ್ಟಾಗುತ್ತದೆ, ತಾಳಿಕೆ ಮಾತ್ರ ನಾಲ್ಕು ಪಟ್ಟು. ಆದರೆ ದಪ್ಪ ದಾರದ ಗಂಟೂ ದೊಡ್ಡದು, ಅದರ ತಿರುವೂ ಅಷ್ಟೇ ಅಗಲ. ಎಲ್ಲವನ್ನೂ ಒಟ್ಟಿಗೆ ಹಿಗ್ಗಿಸಿ ನೋಡಿದರೆ, ಪೂರ್ತಿ ಬಿಗಿದು ಕೂತ ದಪ್ಪ ಗಂಟು ತೆಳು ಗಂಟಿನಷ್ಟೇ ಪಾಲನ್ನು ಕಳೆದುಕೊಳ್ಳಬೇಕು, ಹೆಚ್ಚಲ್ಲ. ತೊಡಕಿರುವುದು 'ಪೂರ್ತಿ ಬಿಗಿದು ಕೂತ' ಎಂಬಲ್ಲಿ.

ಗಂಟು ಸರಿಯಾಗಿ ಕೂರಲು ದಾರದ ತಾಳಿಕೆಯ ಮೂರರಲ್ಲೊಂದು ಪಾಲು ಎಳೆತ ಬೇಕೆಂದು ಇಟ್ಟುಕೊಳ್ಳೋಣ. 20 ಪೌಂಡಿನ ದಾರಕ್ಕೆ ಅದು 3 ಕಿಲೋ, ಬೆರಳಿಗೆ ಸುಲಭ. 120 ಪೌಂಡಿನ ದಾರಕ್ಕೆ 18 ಕಿಲೋ. ಹಿಮಗಾಳಿಯಲ್ಲಿ ಮರಗಟ್ಟಿದ, ಮೀನಿನ ಲೋಳೆ ಮೆತ್ತಿದ ಕೈಯಿಂದ, ಒಂದು ಕಡೆ ಚೂಪು ಗಾಳವಿರುವ ದಾರವನ್ನು ಅಷ್ಟು ಬಲದಿಂದ ಜಗ್ಗುವುದು ಯಾರಿಗೂ ಹಿತವಲ್ಲ. ಹಾಗಾಗಿ ಗಂಟು ಅರೆಬರೆ ಕೂರುತ್ತದೆ. ಉಳಿದ ಬಿಗಿತವನ್ನು ಮೀನೇ ಮಾಡುತ್ತದೆ, ಒಂದೇ ಜಗ್ಗಿನಲ್ಲಿ. ಸಡಿಲ ಸುತ್ತುಗಳು ಒಂದರ ಮೇಲೊಂದು ಸರ್ರನೆ ಜಾರುತ್ತವೆ, ಜಾರಿದಾಗ ಬಿಸಿ ಹುಟ್ಟುತ್ತದೆ. ನೈಲಾನ್ ಶಾಖವನ್ನು ಬೇಗ ಸಾಗಹಾಕುವುದಿಲ್ಲ, ಹುಟ್ಟಿದ ಬಿಸಿ ಉಜ್ಜಿದ ಮೈಯಲ್ಲೇ ಉಳಿದು ಅದನ್ನು ಮೆತ್ತಗಾಗಿಸುತ್ತದೆ. ಗಂಟು ಬಿಗಿಯುವ ಮುನ್ನ ದಾರವನ್ನು ಎಂಜಲಿನಿಂದಲೋ ನೀರಿನಿಂದಲೋ ಒದ್ದೆ ಮಾಡಿಕೊಳ್ಳುವ ರೂಢಿ ಇದೇ ಕಾರಣಕ್ಕೆ ಬಂದದ್ದು.

ಕೊಳವೆಯೊಳಗೆ ಕೂಡಿಕೆ

ಅದುಮುಕಟ್ಟಿನ ಕೊಳವೆಯಲ್ಲಿ ದಾರ ಬಾಗುವುದೇ ಇಲ್ಲ. ನೇರವಾಗಿ ಬಂದದ್ದು ನೇರವಾಗಿಯೇ ಕೊಳವೆಯೊಳಗೆ ಹೋಗುತ್ತದೆ. ಲೋಹದ ಗೋಡೆ ಅದನ್ನು ಉದ್ದಕ್ಕೂ ಒತ್ತಿ ಹಿಡಿದಿರುತ್ತದೆ. ಇಲ್ಲಿ ಒತ್ತುವ ಬಲ ದಾರದ ಎಳೆತದಿಂದ ಹುಟ್ಟಿದ್ದಲ್ಲ, ಇಕ್ಕುಳ ಅದುಮಿದಾಗಲೇ ಕೊಳವೆಯಲ್ಲಿ ಉಳಿದದ್ದು. ಆದ್ದರಿಂದ ಒಂದೊಂದು ಮಿಲಿಮೀಟರೂ ತನ್ನ ಪಾಲಿನ ಭಾರ ಹೊರುತ್ತದೆ. ಬಾಯಿಯ ಬಳಿ ತುಸು ಹೆಚ್ಚಿರಬಹುದು, ಆದರೆ ಐದರಲ್ಲಿ ನಾಲ್ಕು ಪಾಲು ಅಲ್ಲೇ ಇಳಿಯುವ ಪ್ರಶ್ನೆಯಿಲ್ಲ. ಗಂಟು ಗುಣಿಸುತ್ತದೆ, ಕೊಳವೆ ಕೂಡುತ್ತದೆ. ಇಡೀ ವ್ಯತ್ಯಾಸ ಇಷ್ಟೇ.

ಕುಣಿಕೆಯ ಲೆಕ್ಕ ನೋಡಿದರೆ ಕೊಳವೆಯ ಕೆಲಸ ಇನ್ನೂ ಹಗುರ. ಮೀನು 40 ಕಿಲೋ ಬಲದಿಂದ ಎಳೆಯುತ್ತಿದೆ ಎನ್ನಿ. ಗಾಳದ ಕಣ್ಣಿನಿಂದ ಎರಡು ಎಳೆಗಳು ಕೊಳವೆಗೆ ಬರುತ್ತವೆ, ಒಂದೊಂದರ ಮೇಲೂ 20 ಕಿಲೋ. ಮುಖ್ಯ ಎಳೆ ಕೊಳವೆಯ ಒಂದು ಬಾಯಲ್ಲಿ 40 ಕಿಲೋ ಹೊತ್ತು ಒಳಹೊಕ್ಕು, ಇನ್ನೊಂದು ಬಾಯಿಂದ 20 ಹೊತ್ತು ಹೊರಬರುತ್ತದೆ. ಮಡಚಿದ ತುದಿಯ ಎಳೆ 20ರಿಂದ ಶೂನ್ಯಕ್ಕೆ ಇಳಿಯುತ್ತದೆ. ಅಂದರೆ ಕೊಳವೆ ಯಾವ ಎಳೆಯಿಂದಲೂ ಪೂರ್ತಿ 40ನ್ನು ಕಳಚಬೇಕಿಲ್ಲ. ಹಿಡಿತ 10 ಮಿಲಿಮೀಟರ್ ಉದ್ದವಿದ್ದರೆ ಒಂದೊಂದು ಮಿಲಿಮೀಟರಿಗೆ ಎಳೆಯೊಂದಕ್ಕೆ 2 ಕಿಲೋ. ದಾರ ಗಾಳದ ಕಣ್ಣಿನಲ್ಲಿ ಚೂಪಾಗಿಯೇ ಬಾಗಿದ್ದರೂ ಅಲ್ಲಿ ಸಾಮಾನ್ಯವಾಗಿ ಕಡಿಯದಿರುವುದೂ ಇದೇ ಕಾರಣಕ್ಕೆ: ಬಾಗಿದ ಜಾಗದಲ್ಲಿರುವುದು ಅರ್ಧ ಭಾರ ಮಾತ್ರ.

ಕೊಳವೆ ಕೆಡುವುದೂ ಬಾಯಲ್ಲೇ

ಇಷ್ಟು ಓದಿ ಅದುಮುಕಟ್ಟೇ ಶ್ರೇಷ್ಠ ಎಂದು ತೀರ್ಮಾನಿಸಬೇಡಿ. ಕೆಟ್ಟದಾಗಿ ಅದುಮಿದ ಕೊಳವೆ ಒಳ್ಳೆಯ ಗಂಟಿಗಿಂತ ಕೀಳು. ಸಾಮಾನ್ಯ ತಪ್ಪೆಂದರೆ ಕೊಳವೆಯನ್ನು ತುದಿಯಿಂದ ತುದಿಯವರೆಗೆ ಅದುಮಿಬಿಡುವುದು. ಆಗ ಬಾಯಿಯ ಅಂಚು ಒಳಕ್ಕೆ ಮಡಚಿ ದಾರವನ್ನು ಕಚ್ಚುತ್ತದೆ. ಗಂಟಿನ ಬಾಯಲ್ಲಿ ದಾರದ ಮೇಲೆ ದಾರವಿತ್ತು, ಇಲ್ಲಿ ಲೋಹದ ಅಂಚೇ ಇದೆ, ಪೂರ್ತಿ ಭಾರವೂ ಇದೆ. ಆದ್ದರಿಂದ ಎರಡೂ ಕೊನೆಯಲ್ಲಿ ಒಂದೆರಡು ಮಿಲಿಮೀಟರ್ ಅದುಮದೆ ಬಿಡಬೇಕು. ಆಗ ಬಾಯಿ ಓಲಗದ ಬಾಯಿಯಂತೆ ತುಸು ಅರಳಿಕೊಂಡು, ಹಿಡಿತ ಒಳಹೋದಂತೆ ಮೆಲ್ಲಗೆ ಏರುತ್ತದೆ. ಮನೆಯಲ್ಲಿರುವ ಸಾದಾ ಇಕ್ಕುಳ ಈ ಕೆಲಸಕ್ಕೆ ಬರುವುದಿಲ್ಲ. ಅದು ಒಂದೇ ಗೆರೆಯಲ್ಲಿ ಒತ್ತಿ ದಾರವನ್ನು ಜಜ್ಜುತ್ತದೆ. ಕೊಳವೆಯ ಅಳತೆಗೆ ಹೊಂದುವ, ಎರಡೂ ದವಡೆಯಲ್ಲಿ ಬಟ್ಟಲಿನಂತೆ ತಗ್ಗಿರುವ ಇಕ್ಕುಳವೇ ಬೇಕು.

ತಪ್ಪು ಆಚೆ ಬದಿಗೂ ಆಗಬಹುದು. ಎಳೆದಾಗ ನೈಲಾನ್ ಉದ್ದವಾಗುತ್ತ ಸಣ್ಣಗಾಗುತ್ತದೆ. ಕೊಳವೆ ದೊಡ್ಡದಾಗಿದ್ದರೆ, ಅದುಮಿದ್ದು ಸಾಲದಿದ್ದರೆ, ಸಣ್ಣಗಾದ ದಾರ ಬಾಯಿಯ ಬಳಿ ಹಿಡಿತ ಕಳೆದುಕೊಳ್ಳುತ್ತದೆ, ಆ ಸಡಿಲು ಒಳಕ್ಕೆ ಹಬ್ಬುತ್ತ ಹೋಗಿ ಒಮ್ಮೆಲೇ ಜಾರುತ್ತದೆ. ಇದಕ್ಕೆ ಕಾವಲಾಗಿ ಮಡಚಿದ ತುದಿಗೆ ಬೆಂಕಿ ತಾಗಿಸಿ ಪುಟ್ಟ ಗುಂಡಾಗಿಸುವವರಿದ್ದಾರೆ. ಆ ಗುಂಡು ಕೊಳವೆಯ ಅಂಚಿಗೆ ಸಿಕ್ಕಿ ನಿಲ್ಲುತ್ತದೆ. ಬೆಂಕಿ ಮುಖ್ಯ ಎಳೆಗೆ ಸೋಕಿದರೆ ಮಾತ್ರ ಇಡೀ ಕೆಲಸ ವ್ಯರ್ಥ, ಸಾಲಾಗಿ ಮಲಗಿದ್ದ ಸರಪಳಿಗಳು ಶಾಖಕ್ಕೆ ಮತ್ತೆ ಮುದುಡಿಕೊಳ್ಳುತ್ತವೆ. ಒಳಗೆ ಎರಡು ಎಳೆಗಳು ಒಂದನ್ನೊಂದು ದಾಟಿ ಅಡ್ಡಬಿದ್ದಿದ್ದರೂ ಅದುಮಿದಾಗ ಒಂದು ಇನ್ನೊಂದನ್ನು ಹಿಸುಕುತ್ತದೆ. ಎಂಟರ ಅಂಕಿಯಂತೆ ಜೋಡಿ ತೂತಿರುವ ಕೊಳವೆಯಲ್ಲಿ ಈ ಭಯವಿಲ್ಲ.

ಇನ್ನು ಸಮುದ್ರ. ನೈಲಾನ್ ನೀರು ಕುಡಿಯುತ್ತದೆ, ಒದ್ದೆಯಾದಾಗ ಮೆತ್ತಗಾಗಿ ಸ್ವಲ್ಪ ಶಕ್ತಿ ಕಳೆದುಕೊಳ್ಳುತ್ತದೆ. ಇದು ಗಂಟಿಗೂ ಕೊಳವೆಗೂ ಸಮಾನ. ಕೊಳವೆಗೆ ಮಾತ್ರ ಇರುವ ಶತ್ರು ತುಕ್ಕು: ಅಲ್ಯೂಮಿನಿಯಂ ಕೊಳವೆ ಸ್ಟೇನ್‌ಲೆಸ್ ಉಕ್ಕಿಗೆ ತಾಗಿಕೊಂಡು ಉಪ್ಪುನೀರಿನಲ್ಲಿದ್ದರೆ ಅಲ್ಯೂಮಿನಿಯಂ ಬೇಗ ಸವೆದು ಬಿಳಿ ಪುಡಿ ಕಟ್ಟುತ್ತದೆ. ಫ್ಲಾಷರ್ ಹಗಲಿಡೀ ಗಿರಕಿ ಹೊಡೆಯುವಾಗ ಬಗ್ಗದ ಲೋಹಕ್ಕೂ ಬಗ್ಗುವ ದಾರಕ್ಕೂ ನಡುವಿನ ಗಡಿಯಲ್ಲಿ ದಾರ ಸಾವಿರಾರು ಸಲ ಅತ್ತಿತ್ತ ಓಲಾಡುತ್ತದೆ. ಹೊಸದಿದ್ದಾಗ ಗಂಟನ್ನು ಸೋಲಿಸಿದ ಕೊಳವೆ ಕಾಲ ಕಳೆದಂತೆ ಬಡವಾಗುವುದು ಈ ಗಡಿಯಲ್ಲಿ.

ಹಾಗಾದರೆ ಯಾವುದು?

ತೆಳು ದಾರಕ್ಕೆ ನಾನು ಗಂಟನ್ನೇ ಹೇಳುತ್ತೇನೆ. ಅದಕ್ಕೆ ಇಕ್ಕುಳ ಬೇಡ, ಕೊಳವೆ ಬೇಡ, ಒದ್ದೆ ಮಾಡಿ ಬಿಗಿದರೆ ಕೈಯಿಂದಲೇ ಪೂರ್ತಿ ಕೂರುತ್ತದೆ. ಕೈಯಿಂದ ಗಂಟನ್ನು ಪೂರ್ತಿ ಕೂರಿಸಲಾಗದಷ್ಟು ದಾರ ದಪ್ಪವಾದ ಕಡೆ ಅದುಮುಕಟ್ಟು ಗೆಲ್ಲುತ್ತದೆ. ಗಡಿ ಇಂತಿಷ್ಟೇ ಪೌಂಡು ಎಂದು ಗೆರೆ ಎಳೆಯುವುದು ತಪ್ಪು, ಅದು ಕೈಯಿಂದ ಕೈಗೆ ಬೇರೆ. ಟ್ರೋಲಿಂಗ್ ದೋಣಿಯ ಲೀಡರುಗಳು ಈ ಗಡಿಯ ಆಚೆಗಿವೆ. ಅಲ್ಲಿ ಒಂದೇ ಅಳತೆಯ ಲೀಡರುಗಳನ್ನು ರಾಶಿರಾಶಿಯಾಗಿ ಮಾಡಿಟ್ಟುಕೊಳ್ಳಬೇಕಾಗುವುದರಿಂದ ಕೊಳವೆಯೇ ಸರಿ.

ನೀವೇ ಕಟ್ಟುವುದಾದರೆ, ನೀರಿಗಿಳಿಸುವ ಮುನ್ನ ಗಾಳವನ್ನು ಗಟ್ಟಿಯಾದ ಕೊಕ್ಕೆಗೆ ಸಿಕ್ಕಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಲೀಡರನ್ನು ಕೋಲಿಗೆ ಸುತ್ತಿ ಮೈಭಾರ ಬಿಟ್ಟು ಎಳೆದು ನೋಡಿ. ಬಳಸಿದ ಲೀಡರಾದರೆ ಕೊಳವೆಯ ಬಾಯಿಯ ಪಕ್ಕದ ಒಂದಿಂಚು ದಾರವನ್ನು ಉಗುರಿನಿಂದ ಸವರಿ. ಉಗುರಿಗೆ ಎಲ್ಲಾದರೂ ತಡೆ ಸಿಕ್ಕಿದರೆ, ದಾರ ಬೆಳ್ಳಗೆ ಮಬ್ಬಾಗಿ ಕಂಡರೆ, ಆ ತುಂಡನ್ನು ಕತ್ತರಿಸಿ ಎಸೆದು ಹೊಸ ಕೊಳವೆ ಹಾಕಿ.